ನಮ್ಮ ಮನೇಲಿ ಎಲ್ಲರಿಗೂ ಹೀಗೇ

ರಕ್ತಹೀನತೆಯ ಬಗ್ಗೆ ಮಾತಾಡಿ ಅಂದರೆ ನಾನು ಚೀಟಿ ನೋಡದೆ ಅರ್ಧ ಗಂಟೆ ಮಾತಾಡಬಲ್ಲೆ. ತಿಪಟೂರು ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ವಾರಕ್ಕೊಮ್ಮೆ ಬಿಸಿಯೂಟ ಮುಗಿದ ಮೇಲೆ ಮಕ್ಕಳಿಗೆ ಕಬ್ಬಿಣಾಂಶದ ನೀಲಿ ಮಾತ್ರೆ ನುಂಗಿಸುವ ಕೆಲಸವೂ ನನ್ನದೇ. ಮಾತ್ರೆಯನ್ನು ನಾಲಿಗೆ ಕೆಳಗೆ ಅಡಗಿಸಿಕೊಂಡು ಹೋಗಿ ತೆಂಗಿನ ಬುಡಕ್ಕೆ ಉಗಿಯುವವರನ್ನು ಹಿಡಿಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ‘60 ಮಿಲಿಗ್ರಾಂ ಕಬ್ಬಿಣ ಕಣ್ರೇ ಅದು, ಉಗಿದ್ರೆ ಮರಕ್ಕೆ ರಕ್ತ ಬರುತ್ತೆ, ನಿಮಗಲ್ಲ’ ಎಂದು ಗದರುತ್ತಿದ್ದೆ. ಹಾಗೆ ಗದರುತ್ತಿದ್ದ ವರ್ಷಗಳಲ್ಲೇ ನನ್ನ ಹಿಮೋಗ್ಲೋಬಿನ್ ಆರಕ್ಕಿಂತ ಕೆಳಗೆ ಇಳಿಯುತ್ತಿತ್ತು. ಹೆಂಗಸರಿಗೆ ಅದು ಹನ್ನೆರಡಾದರೂ ಇರಬೇಕು ಅನ್ನುವುದನ್ನು ಬೋರ್ಡಿನ ಮೇಲೆ ಬರೆದವಳೂ ನಾನೇ.

ಗೊತ್ತಿಲ್ಲದೆ ಆದದ್ದಲ್ಲ, ಗೊತ್ತಿದ್ದೂ ಆದದ್ದು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಬೀರುವಿನಲ್ಲಿ ಮೆರೂನ್, ಕಡುನೀಲಿ, ಕಪ್ಪಂಚಿನ ಕಾಫಿ ಬಣ್ಣದ ಸೀರೆಗಳೇ ತುಂಬಿವೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಇವರಿಗೆ ಗಾಢ ಬಣ್ಣ ಅಂದರೆ ಪ್ರಾಣ ಅಂದುಕೊಂಡಿದ್ದರು. ಪ್ರಾಣವೇನಲ್ಲ, ಕಲೆ ಕಾಣಬಾರದು ಅಷ್ಟೇ. ತಿಂಗಳಿನ ಆ ದಿನಗಳಲ್ಲಿ ಎರಡು ದೊಡ್ಡ ಪ್ಯಾಡುಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಶಾಲೆಗೆ ಹೋಗುತ್ತಿದ್ದೆ. ಎರಡನೇ ಪೀರಿಯಡ್ ಮುಗಿಯುವಷ್ಟರಲ್ಲಿ ಅವು ತೊಯ್ದು ಹೋಗಿರುತ್ತಿದ್ದವು. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಇರುವುದು, ಕುರ್ಚಿಯಿಂದ ಏಳುವಾಗ ಸೆರಗನ್ನು ಹಿಂದಕ್ಕೆ ಎಳೆದು ನೋಡಿಕೊಳ್ಳುವುದು, ರಾತ್ರಿ ಹಾಸಿಗೆ ಮೇಲೆ ಹಳೇ ಟವೆಲ್ ಹಾಸಿಕೊಂಡು ಮಧ್ಯೆ ಎರಡು ಸಲ ಏಳುವುದು, ಹೆಪ್ಪುಗಟ್ಟಿದ ರಕ್ತ ಉಂಡೆಯಾಗಿ ಬಿದ್ದಾಗ ನೀರು ಹಾಕಿ ಮುಖ ತಿರುಗಿಸುವುದು. ಇಷ್ಟೆಲ್ಲ ಏರ್ಪಾಡು ಮಾಡಿಕೊಂಡವಳಿಗೆ ಇದು ಕಾಯಿಲೆ ಇರಬಹುದು ಅಂತ ಒಮ್ಮೆಯೂ ಹೊಳೆಯಲಿಲ್ಲ.

ಹೊಳೆಯದಿದ್ದುದಕ್ಕೆ ಕಾರಣ ನಮ್ಮ ಮನೆ. ಅಮ್ಮನಿಗೆ ಹೀಗೇ ಆಗುತ್ತಿತ್ತು, ಅಕ್ಕನಿಗೂ ಹೀಗೇ, ಚಿಕ್ಕಮ್ಮನದಂತೂ ಕೇಳುವುದೇ ಬೇಡ. ಮೊದಲ ವರ್ಷವೇ ಅಮ್ಮನ ಹತ್ತಿರ ಅತ್ತಾಗ ಅವಳು ಅಂದದ್ದು, ‘ನಮ್ಮ ಮನೇಲಿ ಎಲ್ಲರಿಗೂ ಹೀಗೇ ಕಣೇ, ಗಟ್ಟಿಯಾಗು.’ ಒಬ್ಬ ಹೆಂಗಸಿಗೆ ಇನ್ನೊಬ್ಬಳ ಮುಟ್ಟು ಎಷ್ಟು ಅನ್ನುವುದು ಎಲ್ಲಿಂದ ತಿಳಿಯಬೇಕು? ಇರುವ ಅಳತೆಗೋಲು ಅಮ್ಮ ಒಬ್ಬಳೇ. ಅವಳದೇ ತಪ್ಪಾಗಿದ್ದರೆ ನಮ್ಮೆಲ್ಲರ ಲೆಕ್ಕವೂ ತಪ್ಪಿದಂತೆಯೇ. ಗರ್ಭಕೋಶದ ಗಡ್ಡೆ, ಅಂದರೆ ಡಾಕ್ಟರುಗಳು ಫೈಬ್ರಾಯ್ಡ್ ಅನ್ನುವುದು, ಮನೆತನದಲ್ಲಿ ಹರಿದು ಬರುವುದುಂಟು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಎಲ್ಲರಿಗೂ ಇದೆ ಅಂದರೆ ಎಲ್ಲರೂ ಆರೋಗ್ಯವಾಗಿದ್ದಾರೆ ಅಂತಲ್ಲ, ಎಲ್ಲರಿಗೂ ಅದೇ ಕಾಯಿಲೆ ಅಂತಲೂ ಇರಬಹುದು. ವಿಜ್ಞಾನದ ಟೀಚರಿಗೆ ಇಷ್ಟು ತರ್ಕ ಬರಬೇಕಿತ್ತು.

ಎಚ್ಚರಿಕೆಯೂ ಸಿಕ್ಕಿತ್ತು. ನಮ್ಮೂರಿನ ಕಾಲೇಜಿನಲ್ಲಿ ರಕ್ತದಾನ ಶಿಬಿರ ನಡೆದಾಗ, ಮಕ್ಕಳಿಗೆ ಮಾದರಿಯಾಗಲಿ ಎಂದು ನಾನೇ ಮುಂದೆ ನಿಂತೆ. ಬೆರಳಿಗೆ ಚುಚ್ಚಿ ಒಂದು ಹನಿಯನ್ನು ಮೈಲುತುತ್ತದ ನೀಲಿ ದ್ರಾವಣಕ್ಕೆ ಬಿಡುತ್ತಾರೆ. ದ್ರಾವಣದ ಸಾಪೇಕ್ಷ ಸಾಂದ್ರತೆ 1.053 ಇರುವಂತೆ ಮಾಡಿರುತ್ತಾರೆ. ರಕ್ತದಲ್ಲಿ ಹಿಮೋಗ್ಲೋಬಿನ್ 12.5 ಗ್ರಾಂ ಇದ್ದರೆ ಹನಿ ಭಾರವಾಗಿ ತಳಕ್ಕೆ ಇಳಿಯುತ್ತದೆ, ಕಡಿಮೆಯಿದ್ದರೆ ಇಳಿಯದೆ ನಿಲ್ಲುತ್ತದೆ. ನನ್ನ ಹನಿ ಮೇಲೇ ತೇಲಿತು. ಟೆಕ್ನೀಷಿಯನ್ ಹುಡುಗ ಇನ್ನೊಂದು ಹನಿ ಬಿಟ್ಟ, ಅದೂ ತೇಲಿತು. ‘ಮೇಡಂ, ನೀವು ಕೊಡೋ ಹಾಗಿಲ್ಲ, ಡಾಕ್ಟರಿಗೆ ತೋರಿಸಿ’ ಅಂದ. ನಾನು ಸುತ್ತ ನಿಂತ ಮಕ್ಕಳಿಗೆ ಸಾಂದ್ರತೆಯ ಪಾಠ ಮಾಡಿ, ನಕ್ಕು, ಅವರು ಕೊಟ್ಟ ಹಣ್ಣಿನ ರಸ ಕುಡಿದು ಮನೆಗೆ ಬಂದೆ.

ಬಂದು ಮಾಡಿದ್ದೇನು? ಬೀಟ್‌ರೂಟ್ ತಂದೆ.

ಬೆಳಿಗ್ಗೆ ಬೀಟ್‌ರೂಟ್ ಜ್ಯೂಸ್, ಅದಾದ ಮೇಲೆ ತಿಂಡಿ, ತಿಂಡಿಯ ಜೊತೆಗೆ ದೊಡ್ಡ ಲೋಟ ಫಿಲ್ಟರ್ ಕಾಫಿ. ಸಂಜೆ ಖರ್ಜೂರ, ದಾಳಿಂಬೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಇದೇ ಔಷಧಿ. ಕೆಂಪಗಿರುವುದೆಲ್ಲ ರಕ್ತವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿದೆ ಅಂದರೆ, ನೂರು ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂನಷ್ಟೂ ಕಬ್ಬಿಣ ಇಲ್ಲ ಅನ್ನುವುದನ್ನು ನಾನು ಪುಸ್ತಕ ತೆಗೆದು ನೋಡಲೇ ಇಲ್ಲ. ನಮ್ಮ ರಾಗಿ, ಹುರುಳಿಕಾಳು ಅದಕ್ಕಿಂತ ಎಷ್ಟೋ ಮೇಲು. ಆದರೆ ಸಸ್ಯಾಹಾರದ ಕಬ್ಬಿಣದಲ್ಲಿ ಮೈಗೆ ಹತ್ತುವುದು ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನಿಂಬೆ, ನೆಲ್ಲಿಕಾಯಿ ಜೊತೆಗಿದ್ದರೆ ಇನ್ನಷ್ಟು ಹತ್ತುತ್ತದೆ. ಊಟದ ಜೊತೆ ಕಾಫಿ, ಟೀ ಕುಡಿದರೆ ಹತ್ತುವುದೂ ಹತ್ತುವುದಿಲ್ಲ.

ಆದರೆ ಆಹಾರದ ತಪ್ಪು ಚಿಕ್ಕ ತಪ್ಪು. ದೊಡ್ಡದು ಕೂಡಿ ಕಳೆಯುವ ಲೆಕ್ಕದ್ದು. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಸಾಮಾನ್ಯ ಮುಟ್ಟಿನಲ್ಲಿ ಮೂವತ್ತು ನಲವತ್ತು ಮಿಲಿಲೀಟರ್ ಹೋಗುತ್ತದೆ. ಎಂಬತ್ತು ದಾಟಿದರೆ ಅದು ಅತಿಸ್ರಾವ. ಎಂಬತ್ತು ಅಂತಲೇ ಇಟ್ಟುಕೊಂಡರೂ ತಿಂಗಳಿಗೆ ನಲವತ್ತು ಮಿಲಿಗ್ರಾಂ ಕಬ್ಬಿಣ ಖರ್ಚು. ಜಮೆ ಎಷ್ಟು? ಕರುಳು ದಿನಕ್ಕೆ ಹೀರಿಕೊಳ್ಳುವುದು ಒಂದರಿಂದ ಎರಡು ಮಿಲಿಗ್ರಾಂ. ಅದರಲ್ಲಿ ಒಂದು ಚರ್ಮ, ಕರುಳಿನ ಪೊರೆ ಉದುರುವುದರಲ್ಲೇ ಹೋಗಿಬಿಡುತ್ತದೆ. ತಳ ತೂತಾದ ಹಂಡೆಗೆ ನಾನು ಚಮಚದಲ್ಲಿ ನೀರು ಹೊಯ್ಯುತ್ತಿದ್ದೆ, ಅದೂ ಬೀಟ್‌ರೂಟಿನ ಬಣ್ಣದ ನೀರು.

ಈ ನಡುವೆ ನನಗೊಂದು ಕಳ್ಳ ಅಭ್ಯಾಸ ಅಂಟಿತ್ತು. ಅಕ್ಕಿ ಆರಿಸುವಾಗ ಒಂದು ಮುಷ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಬರಬರುತ್ತ ಅದು ಹೆಚ್ಚಿ, ಬ್ಯಾಗಿನಲ್ಲಿ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹಸಿ ಅಕ್ಕಿ ಇಟ್ಟುಕೊಂಡು ಹೋಗುವವರೆಗೂ ಬಂತು. ಅದು ಕರುಕರು ಅನ್ನುವಾಗಿನ ಸುಖವನ್ನು ಹೇಳಲಾರೆ. ಬಳಪ ತಿನ್ನುವ ಹುಡುಗಿಯರನ್ನು ನಿಲ್ಲಿಸಿ ‘ನಾಚಿಕೆ ಆಗಲ್ವಾ’ ಅಂದವಳು, ಲ್ಯಾಬಿನ ಬಾಗಿಲು ಮುಚ್ಚಿಕೊಂಡು ಅಕ್ಕಿ ಜಗಿಯುತ್ತಿದ್ದೆ. ಮಣ್ಣು, ಬಳಪ, ಹಸಿ ಅಕ್ಕಿ, ಐಸ್ ಕಡ್ಡಿಯ ಮೇಲೆ ತಡೆಯಲಾರದ ಆಸೆ ಹುಟ್ಟುವುದು ಕಬ್ಬಿಣದ ಕೊರತೆಯ ಲಕ್ಷಣಗಳಲ್ಲೊಂದು. ಅದು ಕೆಟ್ಟ ಚಾಳಿ ಅಂತ ಬೈದರೆ ಹೋಗುವಂಥದ್ದಲ್ಲ. ಉಳಿದ ಲಕ್ಷಣಗಳಿಗೆಲ್ಲ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಮಹಡಿ ಹತ್ತಿದರೆ ಎದೆ ಹೊಡೆದುಕೊಳ್ಳುತ್ತದಾ, ತೂಕ ಜಾಸ್ತಿ. ಕೂದಲು ಉದುರುತ್ತದಾ, ಬೋರ್‌ವೆಲ್ ನೀರು. ಸುಸ್ತಾ, ನಲವತ್ತು ದಾಟಿತಲ್ಲ.

ಕೊನೆಗೆ ಮನೆಮನೆ ಸಮೀಕ್ಷೆಯ ಡ್ಯೂಟಿಯಲ್ಲಿ ಯಾರದೋ ಮನೆಯ ಜಗಲಿ ಮೇಲೆ ಕಣ್ಣು ಕತ್ತಲೆ ಬಂದು ಕೂತೆ. ಏಳಲಾಗಲಿಲ್ಲ. ಆ ಮನೆಯವರೇ ಆಟೋ ಕರೆಸಿದರು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 5.9. ಏಳಕ್ಕಿಂತ ಇಳಿದು, ಹೀಗೆ ತಲೆ ತಿರುಗಿ ಬಿದ್ದರೆ ಮಾತ್ರೆಗೆ ಕಾಯುತ್ತ ಕೂರುವುದಿಲ್ಲ. ಮರುದಿನ ನನ್ನ ತೋಳಿಗೆ ಯಾರೋ ದಾನ ಮಾಡಿದ ರಕ್ತ ಹನಿಹನಿಯಾಗಿ ಇಳಿಯಿತು. ಒಂದು ಬಾಟಲಿಗೆ ಹಿಮೋಗ್ಲೋಬಿನ್ ಏರುವುದು ಹೆಚ್ಚುಕಡಿಮೆ ಒಂದು ಗ್ರಾಂ.

ನನ್ನನ್ನು ನೋಡಿದ ಸರ್ಕಾರಿ ಆಸ್ಪತ್ರೆಯ ಲೇಡಿ ಡಾಕ್ಟರ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಊಟದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ‘ಮುಟ್ಟು ಹೇಗಿದೆ?’ ಅಂದರು.

‘ನಾರ್ಮಲ್ ಡಾಕ್ಟ್ರೇ.’

‘ನಾರ್ಮಲ್ ಅಂದ್ರೆ? ಗಂಟೆ ಎರಡು ಗಂಟೆಗೆ ಪ್ಯಾಡ್ ಬದಲಾಯಿಸಬೇಕಾ? ರಾತ್ರಿ ಏಳ್ತೀರಾ? ಗಡ್ಡೆಗಡ್ಡೆ ಹೋಗುತ್ತಾ? ಏಳು ದಿನ ದಾಟುತ್ತಾ? ನಡುನಡುವೆ ಕಾಣಿಸಿಕೊಳ್ಳುತ್ತಾ?’

ಎಲ್ಲದಕ್ಕೂ ಹೌದು ಅಂದೆ, ಕೊನೆಯದೊಂದನ್ನು ಬಿಟ್ಟು. ಅಂದು, ‘ನಮ್ಮ ಮನೇಲಿ ಎಲ್ಲರಿಗೂ ಹೀಗೇ’ ಅಂತಲೂ ಸೇರಿಸಿದೆ. ಅವರು ಪೆನ್ನು ಕೆಳಗಿಟ್ಟು, ‘ಹಾಗಾದ್ರೆ ಮನೆಯವರನ್ನೂ ಕರ್ಕೊಂಡು ಬನ್ನಿ’ ಅಂದರು.

ಆ ಪ್ರಶ್ನೆಗಳನ್ನು ಕೇಳುತ್ತಾ ನನಗೆ ನೆನಪಾದದ್ದು ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಪ್ರಾರ್ಥನೆಗೆ ನಿಂತಾಗ ಬೀಳುತ್ತಿದ್ದಳು. ಗ್ಲೂಕೋಸ್ ಬಿಸ್ಕತ್ತು ಕೊಟ್ಟು, ಮಾತ್ರೆ ಉಗಿಯುತ್ತೀಯ ಎಂದು ಬೈದು, ಅವಳ ಅಮ್ಮನನ್ನು ಕರೆಸಿದ್ದೆ. ಆ ತಾಯಿ ಗಂಡಸು ಮೇಷ್ಟ್ರುಗಳಿಗೆ ಕೇಳಿಸದ ಹಾಗೆ, ‘ಅವಳಿಗೆ ಜಾಸ್ತಿ ಹೋಗುತ್ತೆ ಮೇಡಂ, ಹತ್ತು ದಿನ ಆದರೂ ನಿಲ್ಲಲ್ಲ’ ಅಂದಿದ್ದಳು. ನಾನು ಅಂದದ್ದು: ‘ಶುರುವಲ್ಲಿ ಎಲ್ಲರಿಗೂ ಹಾಗೇ ಕಣಮ್ಮ, ನನಗೂ ಹಾಗೇ ಇತ್ತು. ಬೆಳಿಗ್ಗೆ ತಿಂಡಿ ತಿನ್ನಿಸಿ ಕಳಿಸು.’ ಮೊದಲ ಒಂದೆರಡು ವರ್ಷ ಮುಟ್ಟು ಹಿಂದೆ ಮುಂದೆ ಆಗುವುದು ನಿಜ. ಆದರೆ ವಾರ ದಾಟಿ ಹರಿಯುವುದು, ತಲೆ ತಿರುಗಿ ಬೀಳುವುದು ಅದರಲ್ಲಿ ಸೇರಿದ್ದಲ್ಲ. ಅಂಥ ಕೆಲವು ಹುಡುಗಿಯರಿಗೆ ರಕ್ತ ಹೆಪ್ಪುಗಟ್ಟುವುದರಲ್ಲೇ ಹುಟ್ಟಿನಿಂದ ತೊಂದರೆ ಇರುತ್ತದೆ, ಅದು ಮೊದಲು ಕಾಣಿಸಿಕೊಳ್ಳುವುದೇ ಮುಟ್ಟಿನಲ್ಲಿ. ನನ್ನ ಅಮ್ಮ ನನಗೆ ಕೊಟ್ಟ ಅಳತೆಗೋಲನ್ನು ನಾನು ಆ ತಾಯಿಗೆ ದಾಟಿಸಿದ್ದೆ, ಅದೂ ಟೀಚರ್ ಅನ್ನುವ ಮುದ್ರೆ ಒತ್ತಿ. ರಜೆ ಮುಗಿಸಿ ಶಾಲೆಗೆ ಹೋದಾಗ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿ ಹೋಗಿದ್ದಳು. ದಾಖಲಾತಿ ಪುಸ್ತಕದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ, ಚಾಲ್ತಿಯಲ್ಲಿಲ್ಲ ಅಂತ ಬಂತು. ಮನೆಯವರು ಕೊಬ್ಬರಿ ಮಂಡಿ ಕೆಲಸ ಬಿಟ್ಟು ಬೆಂಗಳೂರಿಗೆ ಹೋದರಂತೆ.

ಸ್ಕ್ಯಾನಿಂಗಿನಲ್ಲಿ ಗರ್ಭಕೋಶದ ಗೋಡೆಯಲ್ಲಿ ನಾಲ್ಕು ಸೆಂಟಿಮೀಟರ್ ಗಡ್ಡೆ ಕಂಡಿತು. ಗಡ್ಡೆ ಅಂದ ಕೂಡಲೇ ಮನೆಯಲ್ಲಿ ಅಳು ಶುರು. ಈ ಗಡ್ಡೆ ಕ್ಯಾನ್ಸರ್ ಅಲ್ಲ, ಬಹಳಷ್ಟು ಹೆಂಗಸರಲ್ಲಿ ತೊಂದರೆ ಕೊಡದೆ ಇದ್ದುಬಿಡುತ್ತದೆ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ ಎಂದು ಹೇಳಿದರೂ ಯಾರೂ ಕೇಳಲಿಲ್ಲ. ಅತ್ತೆ ಬೇರೊಂದು ನರ್ಸಿಂಗ್ ಹೋಮಿಗೆ ಕರೆದೊಯ್ದರು. ಅಲ್ಲಿ ಐದು ನಿಮಿಷದಲ್ಲಿ ತೀರ್ಮಾನವಾಯಿತು: ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆದುಬಿಡೋಣ, ಗುರುವಾರ ಬನ್ನಿ. ಬೇರೆ ದಾರಿ ಇದೆಯಾ ಎಂದು ಕೇಳಿದ್ದಕ್ಕೆ, ‘ಇಟ್ಕೊಂಡು ಏನ್ಮಾಡ್ತೀರ’ ಎಂಬ ಮರುಪ್ರಶ್ನೆ.

ಅಮ್ಮನಿಗೆ ಮೂವತ್ತೆಂಟಕ್ಕೇ ಹೀಗೆ ತೆಗೆದಿದ್ದರು. ಅಂಡಾಶಯ ಉಳಿಸಿದರೋ, ಅದನ್ನೂ ತೆಗೆದರೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಒಂದು ಕಾಗದವೂ ಇಲ್ಲ. ಅಂಡಾಶಯ ಬೇಗ ಹೋದರೆ ಮೂಳೆ ಸವೆಯುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ. ಅವಳ ಬಾಗಿದ ಬೆನ್ನು ನೋಡಿದಾಗಲೆಲ್ಲ ನನಗೆ ಆ ಇಲ್ಲದ ಕಾಗದದ ಚಿಂತೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಿಗೆ ಸಾಲುಸಾಲಾಗಿ ಗರ್ಭಕೋಶ ತೆಗೆದ ಸುದ್ದಿ 2019ರಲ್ಲಿ ಓದಿ ನಾವೆಲ್ಲ ಮರುಗಿದೆವು. 2023ರಲ್ಲಿ ಸುಪ್ರೀಂ ಕೋರ್ಟೇ ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಜಾರಿ ಮಾಡಿ ಎಂದು ರಾಜ್ಯಗಳಿಗೆ ಹೇಳಬೇಕಾಯಿತು. ಗುರುವಾರ ಬನ್ನಿ ಅನ್ನುವುದು ಅಷ್ಟು ಸಲೀಸು. ಬೇಕಾದವರಿಗೆ ಆ ಆಪರೇಷನ್ ಜೀವ ಉಳಿಸುತ್ತದೆ, ನಾನು ಅದರ ವಿರೋಧಿಯಲ್ಲ. ನನಗೆ ಅದು ಮೊದಲನೆಯ ಉತ್ತರವಾಗಬೇಕಿರಲಿಲ್ಲ, ಅಷ್ಟೇ.

ಸರ್ಕಾರಿ ಡಾಕ್ಟರ ಹತ್ತಿರವೇ ವಾಪಸು ಹೋದೆ. ನಲವತ್ತು ದಾಟಿದವಳಾದ್ದರಿಂದ ಗರ್ಭಕೋಶದ ಒಳಪದರದ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು, ಥೈರಾಯ್ಡ್ ನೋಡಿದರು, ಕಾಪರ್-ಟಿ ಇದೆಯಾ ಎಂದು ಕೇಳಿದರು. ಅದರಿಂದಲೂ ಕೆಲವರಿಗೆ ಸ್ರಾವ ಹೆಚ್ಚುತ್ತದೆ. ಎಲ್ಲ ಸರಿ ಇದ್ದುದರಿಂದ ಮುಟ್ಟಿನ ದಿನಗಳಿಗಷ್ಟೇ ಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ, ಕಬ್ಬಿಣವನ್ನು ಡ್ರಿಪ್‌ನಲ್ಲಿ. ಆಮೇಲೆ ಗರ್ಭಕೋಶದೊಳಗೆ ಹಾರ್ಮೋನ್ ಬಿಡುವ ಪುಟ್ಟ ಸಾಧನ ಹಾಕಿದರು. ನೋಡುವುದಕ್ಕೆ ಕಾಪರ್-ಟಿ ಥರವೇ, ಕೆಲಸ ತದ್ವಿರುದ್ಧ: ಸ್ರಾವವನ್ನು ಇಳಿಸುತ್ತದೆ. ಮೊದಲ ಕೆಲವು ತಿಂಗಳು ಚೂರುಚೂರು ಕಾಣಿಸಿಕೊಂಡು ಕಿರಿಕಿರಿ ಮಾಡಿತು, ಆಮೇಲೆ ನಿಂತಿತು. ಡ್ರಿಪ್ ಆದ ಕೆಲವೇ ವಾರಗಳಲ್ಲಿ ಅಕ್ಕಿಯ ಚಪಲ ಹೋಯಿತು. ಡಬ್ಬಿ ಬ್ಯಾಗಿನಲ್ಲೇ ಇತ್ತು, ನನಗೇ ಮರೆತು ಹುಳ ಬಿದ್ದಿತ್ತು.

ಹಿಮೋಗ್ಲೋಬಿನ್ ಹನ್ನೆರಡು ಮುಟ್ಟಿದಾಗ, ಡ್ರಿಪ್ ಆದ ಮೇಲೆ ನುಂಗುತ್ತಿದ್ದ ಕಬ್ಬಿಣದ ಮಾತ್ರೆ ಬಿಡುವವಳಿದ್ದೆ. ಡಾಕ್ಟರ್ ಬಿಡಲಿಲ್ಲ. ರಕ್ತದಲ್ಲಿ ಕಂಡದ್ದು ಕೈಖರ್ಚಿನ ಕಬ್ಬಿಣ, ಫೆರಿಟಿನ್ ಪರೀಕ್ಷೆ ಮಾಡಿದರೆ ಉಳಿತಾಯ ಗೊತ್ತಾಗುತ್ತದೆ, ಅದು ತುಂಬಲು ಇನ್ನೂ ಮೂರು ತಿಂಗಳಾದರೂ ಬೇಕು ಅಂದರು. ಕಾಫಿಯನ್ನು ಮಾತ್ರೆಯಿಂದ ಎರಡು ಗಂಟೆ ದೂರ ತಳ್ಳಿದ್ದೇನೆ. ಮಲ ಕಪ್ಪಾದರೆ ಗಾಬರಿ ಬೇಡ ಅನ್ನುವುದನ್ನು ಈಗ ಮಕ್ಕಳಿಗೂ ಮೊದಲೇ ಹೇಳುತ್ತೇನೆ. ಅವರು ಮಾತ್ರೆ ಉಗಿಯುವುದಕ್ಕೆ ಅದೂ ಒಂದು ಕಾರಣವಾಗಿತ್ತು, ನಾನು ಕೇಳಿರಲಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ, ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇತ್ತು. ನಮ್ಮ ಸ್ಟಾಫ್ ರೂಮಿನಲ್ಲಿ ನನ್ನನ್ನು ಬಿಟ್ಟು ಇನ್ನೂ ಇಬ್ಬರು ಸಿಕ್ಕರು. ಮಾತ್ರೆ ಕೊಡುವ ದಿನ ಹುಡುಗಿಯರನ್ನು ಬೇರೆ ಕೂರಿಸಿಕೊಂಡು ಡಾಕ್ಟರ್ ಕೇಳಿದ ಪ್ರಶ್ನೆಗಳನ್ನೇ ಕೇಳುತ್ತೇನೆ. ಮೊದಮೊದಲು ಕಿಸಕಿಸ ನಗುತ್ತಾರೆ. ಯಾರಾದರೊಬ್ಬಳು ನಗದೆ ಕೂತಿರುತ್ತಾಳೆ, ಅವಳಿಗೆ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತೇನೆ.

ಅಕ್ಕನಿಗೆ ಮಾತ್ರ ನನ್ನ ಚೀಟಿ ನಡೆಯುವುದಿಲ್ಲ. ಮುಖ ಸುಣ್ಣದ ಹಾಗಿದೆ, ಮಹಡಿ ಹತ್ತಿದರೆ ಅರ್ಧಕ್ಕೇ ನಿಲ್ಲುತ್ತಾಳೆ. ದಸರಾ ಆಗಲಿ ಅಂದಿದ್ದಳು, ಆಮೇಲೆ ಸಂಕ್ರಾಂತಿ ಆಗಲಿ ಅಂದಳು. ಮೊನ್ನೆ ಫೋನ್ ಮಾಡಿದರೆ ಯುಗಾದಿ ಅನ್ನುತ್ತಿದ್ದಾಳೆ. ಯುಗಾದಿಯವರೆಗೆ ಕಾಯುವುದು ಬೇಡ ಎಂದು ಭಾವನಿಗೆ ಹೇಳಿಟ್ಟಿದ್ದೇನೆ. ಶನಿವಾರ ಬೆಳಗಿನ ಪಾಳಿ, ಮಧ್ಯಾಹ್ನ ನಾನೇ ಹೋಗಿ ಕರೆದುಕೊಂಡು ಬರಬೇಕು.