ಕೂದಲಿನ ಮಾತ್ರೆ, ಥೈರಾಯ್ಡ್ ರಿಪೋರ್ಟು

ನಮ್ಮ ಮನೆಯಲ್ಲಿ ನಾಲ್ಕು ಹೆಂಗಸರು ಸೇರಿದರೆ ಕೂದಲು ಉದುರುವ ಮಾತು ಬಂದೇ ಬರುತ್ತದೆ. ಮೊದಲೆಲ್ಲ ದಾಸವಾಳದ ಸೊಪ್ಪು, ಮೆಂತ್ಯ ಅಂತಿದ್ದವರು ಈಗ "ಬಯೋಟಿನ್ ತಗೊಳ್ತಿದೀಯಾ?" ಅಂತ ಕೇಳುತ್ತಾರೆ. ನಮ್ಮಕ್ಕನೂ ಮೂರು ತಿಂಗಳಿಂದ ದಿನಕ್ಕೊಂದು ಮಾತ್ರೆ ನುಂಗುತ್ತಿದ್ದಳು. ಡಬ್ಬಿಯ ಮೇಲೆ 10,000 ಮೈಕ್ರೋಗ್ರಾಂ ಅಂತ ಬರೆದಿತ್ತು.

ಬಯೋಟಿನ್ ಅಂದರೆ ಬಿ7 ವಿಟಮಿನ್. ತಿಂದ ಊಟ ಮೈಗೆ ಹತ್ತಲು ಬೇಕಾದ ಐದು ಕಿಣ್ವಗಳು ಇದಿಲ್ಲದೆ ಕೆಲಸ ಮಾಡುವುದಿಲ್ಲ. ಆದರೆ ಬೇಕಾಗುವುದು ಎಷ್ಟು ಗೊತ್ತಾ? ಅಮೆರಿಕದವರ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ 30 ಮೈಕ್ರೋಗ್ರಾಂ. ಅಕ್ಕನ ಒಂದು ಮಾತ್ರೆಯಲ್ಲಿ ಹೆಚ್ಚೂಕಡಿಮೆ ಒಂದು ವರ್ಷದ ರೇಷನ್ನು! ಕಡಲೆಕಾಯಿ, ಗೆಣಸು, ಅಣಬೆ, ಮೊಟ್ಟೆಯ ಹಳದಿ ಎಲ್ಲದರಲ್ಲೂ ಅದಿದೆ. ಕೊರತೆಯಾದರೆ ಕೂದಲು ಉದುರುವುದು ನಿಜ, ಆದರೆ ಕೊರತೆಯೇ ಅಪರೂಪ. ಕೊರತೆ ಇಲ್ಲದವರಿಗೆ ಮಾತ್ರೆಯಿಂದ ಕೂದಲು ಬೆಳೆಯುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ.

"ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗತ್ತೆ ಬಿಡು" ಅಂದಳು ಅಕ್ಕ. ಅದೂ ನಿಜವೇ... ತೊಂದರೆ ಬಂದದ್ದು ರಕ್ತ ಪರೀಕ್ಷೆಯಲ್ಲಿ. ಟಿಎಸ್‌ಎಚ್ ತೀರಾ ಕಡಿಮೆ, ಟಿ4 ಜಾಸ್ತಿ! ಥೈರಾಯ್ಡ್ ಅತಿಯಾಗಿದೆ ಅಂತ ರಿಪೋರ್ಟು. ಆದರೆ ತೂಕ ಇಳಿದಿರಲಿಲ್ಲ, ಕೈ ನಡುಗುತ್ತಿರಲಿಲ್ಲ. ಡಾಕ್ಟರು ಚೀಟಿ ಬರೆಯುವ ಮೊದಲು ಒಂದೇ ಪ್ರಶ್ನೆ ಕೇಳಿದರು: "ಕೂದಲಿಗೆ ಏನಾದ್ರೂ ಮಾತ್ರೆ ತಗೋತಿದೀರಾ ಅಮ್ಮಾ?" ಅದನ್ನು ನಿಲ್ಲಿಸಿ ವಾರ ಬಿಟ್ಟು ಮತ್ತೆ ರಕ್ತ ಕೊಟ್ಟಾಗ ಎಲ್ಲ ಸರಿಯಾಗಿತ್ತು.

ಕಾರಣ ಸ್ವಾರಸ್ಯವಾಗಿದೆ. ಹಸಿ ಮೊಟ್ಟೆಯ ಬಿಳಿಯಲ್ಲಿ ಅವಿಡಿನ್ ಅನ್ನುವ ಪ್ರೋಟೀನಿದೆ. ಅದು ಬಯೋಟಿನ್ನನ್ನು ಹಿಡಿದರೆ ಬಿಡುವುದಿಲ್ಲ (ಬೇಯಿಸಿದರೆ ಆ ಹಿಡಿತ ಹೋಗುತ್ತದೆ). ಅದರಂತೆಯೇ ಹಿಡಿಯುವ ಸ್ಟ್ರೆಪ್ಟಾವಿಡಿನ್ ಅನ್ನುವುದನ್ನು, ಬಯೋಟಿನ್ ಅಂಟಿಸಿದ ರಾಸಾಯನಿಕದ ಜೊತೆ, ಹಲವು ಲ್ಯಾಬ್ ಪರೀಕ್ಷೆಗಳಲ್ಲಿ ಬಳಸುತ್ತಾರೆ. ನಮ್ಮ ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಆ ಜಾಗಗಳನ್ನೆಲ್ಲ ಅದೇ ಹಿಡಿದುಬಿಡುತ್ತದೆ. ಯಂತ್ರದ ಲೆಕ್ಕ ತಪ್ಪುತ್ತದೆ, ದೇಹಕ್ಕೆ ಏನೂ ಆಗಿರುವುದಿಲ್ಲ.

ಇದು ನಗುವ ವಿಷಯವಲ್ಲ. ಹೃದಯಾಘಾತ ಪತ್ತೆಗೆ ಮಾಡುವ ಟ್ರೋಪೋನಿನ್ ಪರೀಕ್ಷೆ ಹೀಗೆ ಸುಳ್ಳೇ ಕಡಿಮೆ ತೋರಿಸಿ ಒಬ್ಬ ರೋಗಿ ತೀರಿಕೊಂಡ ವರದಿ ಬಂದಿದೆ ಅಂತ ಅಮೆರಿಕದ ಎಫ್‌ಡಿಎ 2017ರಲ್ಲೇ ಎಚ್ಚರಿಸಿತ್ತು.

ವಿಟಮಿನ್ ತಾನೇ, ಔಷಧಿಯಲ್ಲವಲ್ಲ ಅಂತ ನಾವು ಡಾಕ್ಟರಿಗೆ ಹೇಳುವುದೇ ಇಲ್ಲ. ಹೇಳಿ. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಬಯೋಟಿನ್ ನಿಲ್ಲಿಸಿ ಅನ್ನುತ್ತದೆ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್. ಡಾಕ್ಟರೇ ಬರೆದುಕೊಟ್ಟ ಮಾತ್ರೆಯಾದರೆ ಮಾತ್ರ ಅವರನ್ನು ಕೇಳದೆ ಬಿಡಬೇಡಿ.