ಮಾಸ್ತರರ ಡಾಲ್ಫಿನ್

ಹಳೆಯ ಮನೆಯನ್ನು ಕೊಳ್ಳುವವನು ಅದರ ಗೋಡೆಗಳ ಜೊತೆಗೆ ಹಿಂದಿನ ಯಜಮಾನನು ಒಡೆಯಿಸಿದ ಕಿಟಕಿಗಳನ್ನೂ ಮುಚ್ಚಿಸಿದ ಬಾಗಿಲುಗಳನ್ನೂ ಕೊಳ್ಳುತ್ತಾನೆ. ಹಳೆಯ ಮೋಟಾರು ಗಾಡಿಯ ಸಂಗತಿಯೂ ಇದಕ್ಕಿಂತ ಬೇರೆಯಲ್ಲ. ಅದರಲ್ಲಿಯೂ ಪಂದ್ಯದ ಉತ್ಸಾಹದಿಂದ ಯಾರೋ ಮಾರ್ಪಡಿಸಿದ ಗಾಡಿಯಾದರೆ, ಕೊಂಡವನು ಮೊದಲು ಮಾಡಬೇಕಾದುದು ಇನ್ನೊಬ್ಬರ ಆಸೆಗಳ ಲೆಕ್ಕ ತೆಗೆಯುವ ಕೆಲಸ. ಕುಮಟೆಯಲ್ಲಿ ವಿಶ್ರಾಂತಿಯ ದಿನಗಳನ್ನು ಕಳೆಯುತ್ತಿರುವ ಹೈಸ್ಕೂಲು ಮಾಸ್ತರರೊಬ್ಬರಿಗೆ ಈ ಮಾತು ಭಟ್ಕಳದಿಂದ ಹೊನ್ನಾವರಕ್ಕೆ ಬರುವ ಸುಮಾರು 40 ಕಿಲೋಮೀಟರಿನ ದಾರಿಯಲ್ಲಿ ಚೆನ್ನಾಗಿ ಮನದಟ್ಟಾಯಿತು.

ಅವರ ಆಸೆಯ ಬೀಜವು ಬಿದ್ದುದು 1984ರಲ್ಲಿ. ಆಗ ಅವರು ಹೊಸದಾಗಿ ನೌಕರಿಗೆ ಸೇರಿದ ತರುಣರು. ಒಂದು ಸಂಜೆ ಹಳದಿಪುರದ ಸಮೀಪದಲ್ಲಿ ಅವರು ಕುಳಿತಿದ್ದ ಬಸ್ಸನ್ನು ಒಂದು ಪುಟ್ಟ ಕೆಂಪು ಕಾರು ಸರ್ರನೆ ಹಿಂದೆ ಹಾಕಿ, ತಿರುವಿನಲ್ಲಿ ಕಣ್ಮರೆಯಾಯಿತು. ಅದು ಬೆಂಗಳೂರಿನ ಸಿಪಾನಿಯವರು 1982ರಲ್ಲಿ ಹೊರತಂದ ಡಾಲ್ಫಿನ್ ಎಂಬುದು ಆಮೇಲೆ ತಿಳಿಯಿತು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಗಾಡಿಯೇ ಪರವಾನಗಿಯ ಮೇಲೆ ಕನ್ನಡನಾಡಿನಲ್ಲಿ ಈ ಹೆಸರಿನಿಂದ ಪುನರ್ಜನ್ಮ ಪಡೆದಿತ್ತು. ಎರಡೇ ಬಾಗಿಲು, 848 ಸಿಸಿಯ ಅಲ್ಯುಮಿನಿಯಂ ಎಂಜಿನು, ಉಕ್ಕಿನ ಚಾಸಿಯ ಮೇಲೆ ಫೈಬರ್ ಗ್ಲಾಸಿನ ಮೈ, ಹಿಂದಿನ ಚಕ್ರಗಳಿಗೆ ಚಾಲನೆ. ಗಾಡಿಯು ಹಗುರವಾಗಿದ್ದುದರಿಂದ ರ‍್ಯಾಲಿಯ ಹವ್ಯಾಸಿಗಳಿಗೂ, ಮದ್ರಾಸಿನ ಬಳಿಯ ಶೋಳಾವರಂ ಪಂದ್ಯಗಳಿಗೆ ಹೋಗುವವರಿಗೂ ಅದು ಪ್ರಿಯವಾಯಿತು. ಆದರೆ ಸಂಸಾರಸ್ಥರು ಅದನ್ನು ಮೆಚ್ಚಲಿಲ್ಲ. 1983ರ ಕೊನೆಗೆ ಮಾರುತಿಯು ನಾಲ್ಕು ಬಾಗಿಲುಗಳನ್ನು ತೆರೆದು ಕರೆದಾಗ ಜನರು ಅತ್ತ ಹೋದರು. ಡಾಲ್ಫಿನ್ ತಯಾರಿಕೆಯು ನಿಂತು ದಶಕಗಳೇ ಕಳೆದಿವೆ.

ಕಳೆದ ಮಳೆಗಾಲ ಮುಗಿದ ಬಳಿಕ, ಭಟ್ಕಳದ ಸಾಹೇಬರೊಬ್ಬರ ಹಿತ್ತಿಲಿನಲ್ಲಿ ಅಂಥದೊಂದು ಗಾಡಿಯು ಹಲಸಿನ ಮರದ ಕೆಳಗೆ ನಿಂತಿದೆಯೆಂಬ ಸುದ್ದಿಯು ಮಾಸ್ತರರ ಕಿವಿಗೆ ಬಿದ್ದಿತು. ಅವರು ಪೆನ್ಶನ್ನಿನ ಉಳಿತಾಯವನ್ನು ಲೆಕ್ಕ ಹಾಕಿಕೊಂಡು ಹೊರಟರು. ಗಾಡಿಯ ಹಿಂದಿನ ಸೀಟನ್ನು ಕಿತ್ತು, ಒಳಗೆಲ್ಲ ಕಬ್ಬಿಣದ ಕೊಳವೆಗಳ ಪಂಜರವನ್ನು ಕೂಡಿಸಲಾಗಿತ್ತು. ದೊಡ್ಡ ಕಾರ್ಬ್ಯುರೇಟರು, ಅಗಲವಾದ ಚಕ್ರಗಳು, ಸಿಂಹಗರ್ಜನೆಯ ಸೈಲೆನ್ಸರು, ಮೂತಿಯ ಮೇಲೆ ನಾಲ್ಕು ಹೆಚ್ಚಿನ ದೀಪಗಳು.

"ಸಾಹೇಬರೇ, ಇದು ಓಡುತ್ತದೆಯೆ?" ಎಂದರು ಮಾಸ್ತರರು.

"ಓಡುವುದರ ಮಾತು ಕೇಳಬೇಡಿ ಮಾಸ್ತರೇ, ಹಾರುತ್ತದೆ. ನನ್ನ ತಮ್ಮನು ಕೊಂಡದ್ದು. ಅವನು ಪರದೇಶಕ್ಕೆ ಹೋದ ಮೇಲೆ ಮುಟ್ಟಿದವರಿಲ್ಲ. ಆದರೆ ಎಲ್ಲವನ್ನೂ ನೋಡಿಯೇ ಕೊಳ್ಳಿರಿ. ಆಮೇಲೆ ನಮ್ಮ ನಡುವೆ ಮಾತು ಬರಬಾರದು" ಎಂದರು ಆ ಸಜ್ಜನರು.

ಮಾಸ್ತರರು ನೋಡಿದರು. ಎಂಜಿನಿನ ಮತ್ತು ಚಾಸಿಯ ಸಂಖ್ಯೆಗಳನ್ನು ನೋಂದಣಿ ಪತ್ರದೊಡನೆ ತಾಳೆ ಹಾಕಿದರು, ಎರಡೂ ಸರಿಯಾಗಿದ್ದವು. ಬಣ್ಣದ ಮೇಲೆ ಜೇಡನ ಬಲೆಯಂತೆ ಹರಡಿದ ಸೀಳುಗಳನ್ನು ಕಂಡರು. ಎಂಜಿನು ಹೂಂಕರಿಸಿದೊಡನೆ ಅವರ ವಿವೇಕವು ಮೌನ ತಾಳಿತು. ಬ್ರೇಕಿನ ಪೆಡಲನ್ನು ನಿಂತಲ್ಲಿಯೇ ಒಮ್ಮೆ ಒತ್ತಿ, ಗಟ್ಟಿಯಾಗಿದೆಯೆಂದು ಸಮಾಧಾನಪಟ್ಟು, ಹಣವನ್ನು ಎಣಿಸಿಕೊಟ್ಟರು.

ಶಿರಾಲಿ ದಾಟಿತು, ಮುರ್ಡೇಶ್ವರದ ಕಡೆಗೆ ಹೋಗುವ ಕವಲು ದಾಟಿತು. ಗಾಡಿಯು ನಿಜವಾಗಿಯೂ ಹಾರುತ್ತಿತ್ತು. ಮಂಕಿಯ ಹತ್ತಿರ ಒಂದು ಎತ್ತು ರಸ್ತೆಗೆ ಅಡ್ಡ ಬಂದಿತು. ಮಾಸ್ತರರು ಬ್ರೇಕನ್ನು ಒತ್ತಿದರು. ಪೆಡಲು ನೆಲಕ್ಕೆ ಹೋಯಿತು. ಮತ್ತೆ ಮತ್ತೆ ತುಳಿದು, ಗೇರನ್ನು ಇಳಿಸಿ, ಕೈಬ್ರೇಕನ್ನು ಎಳೆದಾಗ ಗಾಡಿಯು ರಸ್ತೆಯ ಅಂಚಿನ ಮಣ್ಣಿನಲ್ಲಿ ಅಡ್ಡಲಾಗಿ ನಿಂತಿತು. ಎತ್ತು ಅವರನ್ನೊಮ್ಮೆ ನೋಡಿ ನಿಧಾನವಾಗಿ ನಡೆದುಹೋಯಿತು. ವೇಗವನ್ನು ಹೆಚ್ಚಿಸಲು ಇಷ್ಟೊಂದು ವೆಚ್ಚ ಮಾಡಿದವರು ನಿಲ್ಲಿಸುವ ಸಾಧನವನ್ನು ಇದ್ದಂತೆಯೇ ಬಿಟ್ಟಿದ್ದರು. ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರಿಕೊಳ್ಳುವಂಥದು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅದು ನೀರಾಗಿ, ಚಕ್ರಗಳ ಸಿಲಿಂಡರುಗಳಿಗೆ ತುಕ್ಕು ಹಿಡಿಸಿ, ರಬ್ಬರಿನ ಬಟ್ಟಲುಗಳನ್ನು ಕೆಡಿಸಿತ್ತು.

ಅಲ್ಲಿಂದ ಗಾಡಿಯನ್ನು ಹಗ್ಗ ಕಟ್ಟಿ ಎಳೆತರಿಸಬೇಕಾಯಿತು. ಹೊನ್ನಾವರದ ಮೇಸ್ತ್ರಿಯು ಶರಾವತಿಯ ಸೇತುವೆಯ ಈಚೆಗೆ, ಕಾಸರಕೋಡಿನಲ್ಲಿಯೇ ಅದನ್ನು ನಿಲ್ಲಿಸಿರೆಂದು ಹೇಳಿ ಕಳುಹಿದನು. ಅದಕ್ಕೆ ಕಾರಣವಿತ್ತು. ಫೈಬರ್ ಮೈಯ ಕಾರನ್ನು ರಿಪೇರಿ ಮಾಡಬಲ್ಲವರು ಗ್ಯಾರೇಜುಗಳಲ್ಲಿ ಅಪರೂಪ. ಆದರೆ ಮೀನುಗಾರರ ಫೈಬರ್ ದೋಣಿಗಳನ್ನು ದುರಸ್ತಿ ಮಾಡುವವರು ಈ ಕರಾವಳಿಯಲ್ಲಿ ಬೇಕಾದಷ್ಟಿದ್ದಾರೆ. ಎರಡರ ವಿದ್ಯೆಯೂ ಒಂದೇ. ಸೀಳನ್ನು ಅಗಲವಾಗಿ ಉಜ್ಜಿ, ಗಾಜಿನ ನೂಲಿನ ಹಾಸನ್ನು ಪದರ ಪದರವಾಗಿ ಇಟ್ಟು, ಗಟ್ಟಿಗೊಳಿಸುವ ದ್ರವವನ್ನು ಬೆರೆಸಿದ ರೆಸಿನ್ನನ್ನು ಬಳಿದು, ಗಾಳಿಯ ಗುಳ್ಳೆ ಉಳಿಯದಂತೆ ಉರುಳೆಯಿಂದ ಒತ್ತಬೇಕು. ತೇವದ ಹವೆಯಲ್ಲಿ ರೆಸಿನ್ನು ಸರಿಯಾಗಿ ಬಲಿಯುವುದಿಲ್ಲವಾದ ಕಾರಣ, ಒಣ ತಿಂಗಳುಗಳಲ್ಲಿಯೇ ಈ ಕೆಲಸವನ್ನು ಮುಗಿಸಬೇಕು.

ದೋಣಿ ಕೆಲಸದ ಹಿರಿಯನು ಗಾಡಿಯ ಸುತ್ತ ಎರಡು ಸಲ ತಿರುಗಿ, ಅಡಿಗೆ ಇಣಿಕಿ, "ಮಾಸ್ತರೇ, ದೋಣಿಯೊಳಗೆ ನೀರು ಬರಬಾರದು, ನಿಮ್ಮ ಗಾಡಿಯೊಳಗೆ ಬಂದ ನೀರು ಹೊರಗೆ ಹೋಗಬೇಕು. ಹೋಗಲಿಕ್ಕೆ ದಾರಿಯೇ ಇಲ್ಲವಲ್ಲ" ಎಂದನು. ಅವನ ಮಾತು ದಿಟವಾಗಿತ್ತು. ಫೈಬರಿಗೆ ತುಕ್ಕಿಲ್ಲವೆಂಬ ಧೈರ್ಯದಿಂದ ಯಾರೂ ಕೆಳಗೆ ನೋಡಿರಲಿಲ್ಲ. ಉಪ್ಪುಗಾಳಿಯೂ ನಿಂತ ನೀರೂ ಉಕ್ಕಿನ ಚಾಸಿಯನ್ನು ಹಿಂದಿನ ಸ್ಪ್ರಿಂಗಿನ ಬಳಿಯಲ್ಲಿ ತಿಂದುಹಾಕಿದ್ದವು. ಅಲ್ಲಿ ಬೆಸುಗೆ ಹಾಕಿದರೆ ಮೇಲಿನ ರೆಸಿನ್ನಿಗೆ ಬೆಂಕಿ ತಗಲುವ ಭಯ. ಆದುದರಿಂದ ಬೋಲ್ಟುಗಳನ್ನು ಬಿಚ್ಚಿ, ಆರು ಮಂದಿ ಸೇರಿ, ದೋಣಿಯನ್ನು ದಡಕ್ಕೆ ಎತ್ತಿದಂತೆ ಕಾರಿನ ಮೈಯನ್ನು ಎತ್ತಿ ಬದಿಗಿಟ್ಟರು.

ಉಳಿದ ಕೆಲಸವು ಹೊನ್ನಾವರದಲ್ಲಿ ನಡೆಯಿತು. ಕೊಳೆತ ಉಕ್ಕನ್ನು ಕತ್ತರಿಸಿ ಹೊಸ ತಗಡನ್ನು ಬೆಸೆದರು. ಬ್ರೇಕಿನ ಕೊಳವೆಗಳನ್ನೂ ಸಿಲಿಂಡರುಗಳನ್ನೂ ಬದಲಿಸಿದರು. ಅಂಗಡಿಯಲ್ಲಿ ಸಿಕ್ಕದ ಬಿಡಿಭಾಗಗಳನ್ನು ಲೇತಿನಲ್ಲಿ ಕಡೆಯಿಸಿದರು. ಫೈಬರ್ ಮೈಯಲ್ಲಿ ವಿದ್ಯುತ್ತು ಹರಿಯದಾದ್ದರಿಂದ ಪ್ರತಿಯೊಂದು ದೀಪಕ್ಕೂ ಪ್ರತ್ಯೇಕವಾದ ಅರ್ಥಿಂಗ್ ತಂತಿ ಬೇಕು. ಹಸಿರುಗಟ್ಟಿದ ಆ ಗಂಟುಗಳನ್ನೆಲ್ಲ ಬಿಡಿಸಿ ಹೊಸತಾಗಿ ಕಟ್ಟಿದರು. ಅಲ್ಯುಮಿನಿಯಂ ಎಂಜಿನು ಅತಿಯಾದ ಬಿಸಿಯನ್ನು ಸಹಿಸದೆಂದು ರೇಡಿಯೇಟರನ್ನು ತೊಳೆಯಿಸಿ, ಬಾವಿಯ ನೀರಿನ ಬದಲು ತುಕ್ಕುನಿರೋಧಕ ಕೂಲಂಟನ್ನು ತುಂಬಿಸಿದರು.

ಪಂಜರ ಮತ್ತು ದೊಡ್ಡ ಕಾರ್ಬ್ಯುರೇಟರುಗಳ ಪ್ರಶ್ನೆಯು ಕೊನೆಗೆ ಉಳಿಯಿತು. ಅವುಗಳಿಲ್ಲದಿದ್ದರೆ 1984ರ ಆ ಸಂಜೆಯ ಗಾಡಿಯು ತಮಗೆ ದೊರೆತಂತಾಗಲಿಲ್ಲವೆಂದು ಮಾಸ್ತರರ ಮನಸ್ಸು ಹಟ ಹಿಡಿಯಿತು. ಕಾನೂನು ಬೇರೆ ಮಾತನ್ನು ಹೇಳುತ್ತಿತ್ತು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ನಿರ್ದಿಷ್ಟಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ಎಂಬ ಮರ್ಯಾದೆ ಸಿಕ್ಕಬೇಕಾದರೂ ಅದು ಮೂಲರೂಪದಲ್ಲಿಯೇ ಇರಬೇಕು. ಇದನ್ನೆಲ್ಲ ಓದಿಯೂ ಮಾಸ್ತರರು ನಿರ್ಧಾರವನ್ನು ಮುಂದೂಡುತ್ತಲೇ ಇದ್ದರು.

ಅವರ ಪತ್ನಿಯು ಒಂದು ದಿನ ಗಾಡಿಯನ್ನು ನೋಡಲು ಹೊನ್ನಾವರಕ್ಕೆ ಬಂದರು. ನಲವತ್ತು ವರ್ಷ ಬಸ್ಸಿನಲ್ಲಿಯೇ ತವರಿಗೂ ಆಸ್ಪತ್ರೆಗೂ ಅಲೆದ ಆ ತಾಯಿ ಒಳಗೆ ಇಣಿಕಿ, "ಚಂದ ಉಂಟು. ಇದರಲ್ಲಿ ನಿಮ್ಮನ್ನು ಬಿಟ್ಟರೆ ಮತ್ತೆ ಯಾರು ಕೂತುಕೊಳ್ಳುವುದು?" ಎಂದಷ್ಟೇ ಕೇಳಿದರು. ಮೇಸ್ತ್ರಿಯು ತಲೆ ತಗ್ಗಿಸಿಕೊಂಡು ಮೆಲ್ಲಗೆ ಹೇಳಿದನು: "ಅಮ್ಮನವರು ಹೇಳುವುದು ಸಮ ಮಾಸ್ತರೇ. ಈ ಪೈಪು ಹೆಲ್ಮೆಟ್ ಹಾಕಿದವನ ತಲೆ ಕಾಯುವುದಕ್ಕೆ ಇರುವುದು. ಬರಿಯ ತಲೆಗೆ ಇದೇ ಪೆಟ್ಟು ಕೊಡುತ್ತದೆ."

ಆ ಸಂಜೆಯೇ ಪಂಜರವನ್ನು ಬಿಚ್ಚಿದರು. ಗಾಡಿಗೆ ಮೊದಲಿನ ಅಳತೆಯ ಚಕ್ರಗಳೂ ಸೌಮ್ಯವಾದ ಸೈಲೆನ್ಸರೂ ಬಂದವು. ಹಿಂದಿನ ಸೀಟನ್ನು ಅದರ ಹಳೆಯ ಜಾಗದಲ್ಲಿಯೇ ಹೊಸ ಬಟ್ಟೆ ಹೊದಿಸಿ ಕೂಡಿಸಿದರು. ದೊಡ್ಡ ಕಾರ್ಬ್ಯುರೇಟರನ್ನು ಮಾಸ್ತರರು ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ, ಮನೆಯ ಅಟ್ಟದ ಮೇಲೆ ಇಟ್ಟರು. ಅದನ್ನು ಮಾರಲು ಮಾತ್ರ ಅವರು ಒಪ್ಪಲಿಲ್ಲ. ಮನೆಯವರೂ ಒತ್ತಾಯ ಮಾಡಲಿಲ್ಲ.

ಮಳೆ ಹಿಡಿಯುವುದಕ್ಕೆ ಹದಿನೈದು ದಿನ ಮುಂಚೆ ಗಾಡಿಯು ಹೊನ್ನಾವರದಿಂದ ಕುಮಟೆಗೆ ಹೊರಟಿತು. ಮುಂದೆ ಮಾಸ್ತರರೂ ಅವರ ಪತ್ನಿಯೂ, ಹಿಂದೆ ಮೊಮ್ಮಗಳು. ಕರ್ಕಿಯ ಬಳಿ ಒಂದು ಸಲ, ಹಳದಿಪುರದ ಬಳಿ ಒಂದು ಸಲ, ಹಿಂದೆ ಮುಂದೆ ಯಾರೂ ಇಲ್ಲದುದನ್ನು ನೋಡಿಕೊಂಡು ಮಾಸ್ತರರು ಬ್ರೇಕನ್ನು ಪರೀಕ್ಷಿಸಿದರು; ಗಾಡಿಯು ಎರಡು ಸಲವೂ ಗೆರೆ ಎಳೆದಂತೆ ನೆಟ್ಟಗೆ ನಿಂತಿತು. ಅಷ್ಟರಲ್ಲಿ ಒಂದು ಬಸ್ಸು ಹಾರ್ನು ಬಾರಿಸುತ್ತ ಅವರನ್ನು ದಾಟಿ ಮುಂದೆ ಹೋಯಿತು.

"ಅಜ್ಜಾ, ಬಸ್ಸು ನಮ್ಮನ್ನು ಹಿಂದೆ ಹಾಕಿತು!" ಎಂದು ಮೊಮ್ಮಗಳು ಕೂಗಿದಳು.

"ಹೋಗಲಿ ಬಿಡು ಮಗಾ. ಅದಕ್ಕೆ ಧಾರೇಶ್ವರದಲ್ಲಿ ನಿಲ್ಲಬೇಕು" ಎಂದು ಮಾಸ್ತರರು ಗೇರನ್ನು ಬದಲಿಸಿದರು.