ಮಣ್ಣಿನ ಸಿಪಾಯಿಗಳೂ ಉದಗೀರದ ಕಿಲ್ಲೆಯೂ

ಸೋಲಾಪುರದಿಂದ ಹೈದರಾಬಾದಿಗೆ ಸಾಗುವ ಹೆದ್ದಾರಿ ಉಮರ್ಗಾ ಊರನ್ನು ಹಾಯ್ದು ಬೀದರ ಜಿಲ್ಲೆಯನ್ನು ಹೊಗುತ್ತದೆ. ಬಸವಕಲ್ಯಾಣ ಇಲ್ಲಿಗೆ ದೂರವಲ್ಲ. ಅಂಗಡಿಗಳ ಫಲಕ ಮರಾಠಿಯಲ್ಲಿದ್ದರೂ ಸಂತೆಯಲ್ಲಿ ಮರಾಠಿ, ಕನ್ನಡ, ದಖನಿ ಮೂರೂ ಕಿವಿಗೆ ಬೀಳುತ್ತವೆ. ದೀಪಾವಳಿ ಸಮೀಪಿಸಿತೆಂದರೆ ಹಣತೆ, ಆಕಾಶಬುಟ್ಟಿಗಳ ಜೊತೆಗೆ ಗೇಣಿಗಿಂತ ಗಿಡ್ಡನೆಯ ಸಿಪಾಯಿಗಳೂ ಮಾರಾಟಕ್ಕೆ ಬರುತ್ತಾರೆ. ಇವರೇ ಶಿವಾಜಿ ಮಹಾರಾಜರ ಮಾವಳೆಯರು.

ದೀಪಾವಳಿಗೆ ಮನೆಯ ಮುಂದೆ ಮಣ್ಣಿನ ಕಿಲ್ಲೆ ಕಟ್ಟುವುದು ಮಹಾರಾಷ್ಟ್ರದ ಮಕ್ಕಳ ಹಳೆಯ ರೂಢಿ. ಪುಣೆ, ಸಾತಾರಾ, ಕೊಲ್ಹಾಪುರಗಳಲ್ಲಿ ಇದರ ಸಂಭ್ರಮ ಹೆಚ್ಚು. ಬೆಳಗಾವಿಯ ಓಣಿಗಳಲ್ಲಿಯೂ ಉಂಟು. ಕಲ್ಲು, ಇಟ್ಟಿಗೆಗಳನ್ನು ಒಟ್ಟಿ, ಕೆಸರಿನಲ್ಲಿ ಅದ್ದಿದ ಗೋಣಿತಟ್ಟನ್ನು ಹೊದಿಸಿ, ಮೇಲೆ ಸಾಸಿವೆ ಎರಚಿದರೆ ಕೆಲವೇ ದಿನಗಳಲ್ಲಿ ಗುಡ್ಡ ಹಸಿರಾಗುತ್ತದೆ. ತುದಿಯಲ್ಲಿ ಸಿಂಹಾಸನ, ಬುರುಜುಗಳ ಮೇಲೆ ಸಿಪಾಯಿಗಳು.

ಕನ್ನಡ ಮನೆಯ ಮಗುವಿನ ಕೈಗೆ ಈ ಮಣ್ಣು ಹೊಸದೇನಲ್ಲ. ಕನ್ನಡ ನಾಡಿನಲ್ಲಿ ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದಲ್ಲಿ ಗುಳ್ಳವ್ವ. ಮರಾಠಿ ನೆರೆಮನೆಯವರ ಎತ್ತಿನ ಹಬ್ಬವಾದ ಪೋಳಾ ಬರುವುದು ಶ್ರಾವಣದ ಅಮಾವಾಸ್ಯೆಗೆ. ಎತ್ತು ಮಾಡಿ ಪಳಗಿದ ಬೆರಳು ಸಿಪಾಯಿಯನ್ನೂ ಮಾಡಬಲ್ಲುದು. ಅಂಗಡಿಯ ಅಚ್ಚಿನ ಗೊಂಬೆಗಳೆಲ್ಲ ಒಂದೇ ಮುಖದವು. ಮನೆಯಲ್ಲಿ ಬಣ್ಣ ಹಚ್ಚಿದ ಗೊಂಬೆಗೆ ತನ್ನದೇ ಮುಖ ಬರುತ್ತದೆ.

ಆದರೆ ಆ ಕೆಲಸ ತಾಳ್ಮೆಯನ್ನು ಬೇಡುತ್ತದೆ. ಮಣ್ಣು ಪೂರ್ತಿ ಒಣಗಿರಬೇಕು. ತೇವ ಉಳಿದರೆ ಬಣ್ಣ ಸಿಪ್ಪೆಯೆದ್ದು ಬರುತ್ತದೆ. ಗೊಂಬೆಯನ್ನು ಬಾಟಲಿಯ ಮುಚ್ಚಳಕ್ಕೆ ಅಂಟಿಸಿಕೊಂಡರೆ ಹಸಿ ಬಣ್ಣಕ್ಕೆ ಬೆರಳು ತಾಗದು. ಮೊದಲು ತೆಳ್ಳಗೆ ಬಿಳಿಯ ಲೇಪ, ಆಮೇಲೆ ಮೈಬಣ್ಣ, ಅದರ ಮೇಲೆ ಅಂಗಿ, ನಂತರ ನಡುಕಟ್ಟು ಮತ್ತು ಮುಂಡಾಸು. ಮನುಷ್ಯನು ಉಡುವ ಕ್ರಮವೇ ಬಣ್ಣದ ಕ್ರಮ. ದಪ್ಪಗೆ ಒಮ್ಮೆ ಬಳಿಯುವುದಕ್ಕಿಂತ ತೆಳ್ಳಗೆ ಎರಡು ಸಲ ಹಚ್ಚುವುದು ಮೇಲು. ದಪ್ಪ ಬಣ್ಣದಡಿ ಮೂಗು, ಮೀಸೆಗಳು ಹೂತುಹೋಗುತ್ತವೆ. ಭರ್ಚಿಗೆ ಕಸಬರಿಗೆಯ ಕಡ್ಡಿ ಸಾಕು.

ಉಮರ್ಗಾದಿಂದ ಈಶಾನ್ಯಕ್ಕಿರುವ ನಿಲಂಗಾದಲ್ಲಿ ಈ ಕೆಲಸದ ಮುಂದಿನ ಪಾಠವಿದೆ. ಅಲ್ಲಿಯ ನೀಲಕಂಠೇಶ್ವರ ದೇಗುಲದ ಕಲ್ಲಿನ ಮೂರ್ತಿಗಳಿಗೆ ಬಣ್ಣವಿಲ್ಲ. ಆದರೂ ಓರೆ ಬಿಸಿಲು ಬಿದ್ದಾಗ ಸೀರೆಯ ನೆರಿಗೆ, ಕೊರಳ ಸರ, ಬೆರಳಿನ ಮಡಿಕೆ ಎಲ್ಲವೂ ಎದ್ದು ಕಾಣುತ್ತವೆ. ತಗ್ಗಿನಲ್ಲಿ ನೆರಳು ನಿಲ್ಲುತ್ತದೆ, ಉಬ್ಬಿನಲ್ಲಿ ಬೆಳಕು ಕೂರುತ್ತದೆ. ಮೂರು ಬೆರಳಿನಷ್ಟು ಎತ್ತರದ ಗೊಂಬೆಯ ಮೇಲೆ ಬಿಸಿಲು ಅಷ್ಟು ಕೆಲಸ ಮಾಡದು. ಅದನ್ನು ಕುಂಚವೇ ಮಾಡಬೇಕು. ನೀರಾಗಿಸಿದ ಕಂದು ಬಣ್ಣವನ್ನು ಮೈಮೇಲೆ ಹರಿಯಬಿಟ್ಟು ಬಟ್ಟೆಯಿಂದ ಒರೆಸಿದರೆ ಮಡಿಕೆಗಳಲ್ಲಿ ಮಾತ್ರ ಅದು ಉಳಿಯುತ್ತದೆ. ಒಣಕುಂಚದಿಂದ ಉಬ್ಬುಗಳಿಗೆ ತುಸು ತಿಳಿಬಣ್ಣ ಸವರಿದರೆ ಗೊಂಬೆ ಜೀವ ತಳೆಯುತ್ತದೆ. ಆಟದ ಮೇಜಿನ ಮೇಲೆ ಪುಟ್ಟ ಪಡೆಗಳನ್ನು ಹೂಡಿ ಯುದ್ಧದ ಆಟವಾಡುವ ಪರದೇಶದ ಹವ್ಯಾಸಿಗಳೂ ತಮ್ಮ ಸಿಪಾಯಿಗಳಿಗೆ ಹೀಗೆಯೇ ಬಣ್ಣ ಹಚ್ಚುತ್ತಾರೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ: ಈ ಸಿಪಾಯಿಗಳು ಯಾವ ಕಿಲ್ಲೆಯನ್ನು ಕಾಯಬೇಕು? ಮಕ್ಕಳು ಸಾಮಾನ್ಯವಾಗಿ ಕಟ್ಟುವುದು ರಾಯಗಡ, ಪ್ರತಾಪಗಡಗಳನ್ನು. ಅವು ದೂರದ ಸಹ್ಯಾದ್ರಿಯ ಗಿರಿದುರ್ಗಗಳು. ಇದೇ ಸೀಮೆಯ ಉದಗೀರದಲ್ಲಿ ಕಂದಕ, ಗೋಡೆ, ಬುರುಜುಗಳ ದೊಡ್ಡ ಕೋಟೆ ನಿಂತಿದೆ. ಒಳಗೆ ಉದಯಗಿರಿ ಮಹಾರಾಜರ ಸಮಾಧಿಯೂ ಇದೆ, ಫಾರ್ಸಿ ಶಾಸನಗಳೂ ಇವೆ. ಬಹಮನಿಗಳ ಕಾಲವನ್ನು ಕಂಡ ಈ ಕೋಟೆಯನ್ನು 1636ರಲ್ಲಿ ಮೊಘಲರು ಗೆದ್ದರು.

1760ರ ಫೆಬ್ರವರಿಯಲ್ಲಿ ಉದಗೀರದ ಹೆಸರಿನ ಯುದ್ಧ ನಡೆಯಿತು. ಸದಾಶಿವರಾವ ಭಾವೂ ಅವರ ಮರಾಠಾ ಸೇನೆ ನಿಜಾಮನ ಸೇನೆಯನ್ನು ಸೋಲಿಸಿತು. ಒಪ್ಪಂದದಲ್ಲಿ ದೌಲತಾಬಾದ, ಅಸೀರಗಡಗಳೊಂದಿಗೆ ನಮ್ಮ ವಿಜಾಪುರವೂ ಮರಾಠರಿಗೆ ಸೇರಿತು. ಗೆಲುವಿಗೆ ನೆರವಾದುದು ಇಬ್ರಾಹಿಂ ಖಾನ್ ಗಾರ್ದಿಯ ತೋಪುಗಳು. ಫ್ರೆಂಚರ ರೀತಿಯಲ್ಲಿ ತರಬೇತಿ ಪಡೆದ ಈ ಸರದಾರ ಅದಕ್ಕೆ ಸ್ವಲ್ಪ ಕಾಲ ಮೊದಲು ನಿಜಾಮನ ಚಾಕರಿಯಲ್ಲಿದ್ದವನು. ಮರುವರ್ಷ ಪಾಣಿಪತದಲ್ಲಿ ಮರಾಠರ ಪರವಾಗಿ ಕೊನೆಯವರೆಗೆ ಕಾದಿ, ಸೆರೆಸಿಕ್ಕು ಪ್ರಾಣ ತೆತ್ತನು.

ಉದಗೀರದ ಯುದ್ಧವನ್ನು ಅಂಗಳದಲ್ಲಿ ಹೂಡುವ ಮಗುವಿಗೆ ಇಲ್ಲಿ ತೊಡಕು ಎದುರಾಗುತ್ತದೆ. ಇಬ್ರಾಹಿಂ ಖಾನನನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕು? ಎದುರು ಸಾಲಿನವರ ಮುಖಕ್ಕೆ ಯಾವ ಬಣ್ಣ? ಎರಡೂ ಸೇನೆಗಳಲ್ಲಿ ದಖನಿನ ಊರುಗಳ ಜನರಿದ್ದರು. ಹಾಗಾಗಿ ಮೈಬಣ್ಣದ ಬಟ್ಟಲು ಎರಡೂ ಕಡೆಗೆ ಒಂದೇ. ಬೇರೆಯಾಗುವುದು ಮುಂಡಾಸು ಮತ್ತು ನಿಶಾನೆ ಮಾತ್ರ.

ಗಡಿಯ ಮಕ್ಕಳಿಗೆ ಇದು ತಿಳಿಯದ ಮಾತಲ್ಲ. 1956ರವರೆಗೆ ನಿಲಂಗಾ, ಉದಗೀರಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯ ತಾಲೂಕುಗಳು. ಆ ನವೆಂಬರಿನಲ್ಲಿ ಮುಂಬಯಿ ರಾಜ್ಯ, 1960ರಲ್ಲಿ ಮಹಾರಾಷ್ಟ್ರ. 1982ರಲ್ಲಿ ಲಾತೂರ ಜಿಲ್ಲೆ ಹೊಸದಾಗಿ ಹುಟ್ಟಿತು. ನಕ್ಷೆಯ ಬಣ್ಣ ಬದಲಾದಾಗಲೂ ಅಜ್ಜಿಯಂದಿರು ಇದ್ದ ಮನೆಯಲ್ಲೇ ಇದ್ದರು, ಆಡುವ ಮಾತನ್ನೇ ಆಡಿದರು.

ಕೊನೆಗೆ ಉಳಿಯುವುದು ಕಣ್ಣು. ಮಣಿಕಟ್ಟನ್ನು ಮಣೆಗೆ ಊರಿ, ಉಸಿರು ಬಿಗಿಹಿಡಿದು, ಬಿಳಿಯ ಮೇಲೆ ಒಂದು ಕಪ್ಪು ಚುಕ್ಕೆ. ಎರಡನೆಯದು ತುಸು ಜಾರಿದರೂ ಸಿಪಾಯಿ ಮೆಳ್ಳಗಣ್ಣನಾಗುತ್ತಾನೆ. ಮನೆಮಂದಿ ನಗುತ್ತಾರೆ, ಆದರೆ ಆ ಗೊಂಬೆಗೇ ಮೊದಲು ಹೆಸರು ಬೀಳುತ್ತದೆ.

ಹಬ್ಬ ಮುಗಿದ ಮೇಲೆ ಕಿಲ್ಲೆ ಕುಸಿದು ಅಂಗಳದ ಮಣ್ಣಿಗೆ ಸೇರುತ್ತದೆ. ಎರಡೂ ಕಡೆಯ ಸಿಪಾಯಿಗಳು ಹಳೆಯ ಪತ್ರಿಕೆಯಲ್ಲಿ ಸುತ್ತಿಸಿಕೊಂಡು ಒಂದೇ ಡಬ್ಬಿಯಲ್ಲಿ ಮಲಗುತ್ತಾರೆ. ಮುಂದಿನ ವರ್ಷ ಡಬ್ಬಿ ತೆರೆದಾಗ ಕೆಲವರ ಮೂಗು ಮುಕ್ಕಾಗಿರುತ್ತದೆ, ಕೆಲವರ ಭರ್ಚಿ ಮುರಿದಿರುತ್ತದೆ. ಮತ್ತೆ ಬಣ್ಣದ ಬಟ್ಟಲುಗಳು ಹೊರಬರುತ್ತವೆ.